‘ಮೈ ಫನ್ನಿ ವ್ಯಾಲೆಂಟೈನ್’: ಯಾರ ಹಾಡನ್ನು ಹಿಡಿದು ಹಾಡಬೇಕು?

ಪ್ರಶ್ನೆ: ನಾನು ಹಿಂದೂಸ್ತಾನಿ ಗಾಯನ ಕಲಿಯುತ್ತಿದ್ದೇನೆ. ಅಕ್ಕನ ಮದುವೆ ರಿಸೆಪ್ಷನ್‌ನಲ್ಲಿ ‘ಮೈ ಫನ್ನಿ ವ್ಯಾಲೆಂಟೈನ್’ ಹಾಡು ಅಂತ ಭಾವ ಆಗುವವರು ಕೇಳಿದ್ದಾರೆ. ಅವರಿಗೆ ಜಾಝ್ ಅಂದರೆ ಪ್ರಾಣ. ಹುಡುಕಿ ಕೇಳಿದರೆ ಒಬ್ಬೊಬ್ಬರದು ಒಂದೊಂದು ಥರ ಇದೆ. ಚೆಟ್ ಬೇಕರ್ ಅಳುವ ಹಾಗೆ ಹಾಡುತ್ತಾರೆ. ಎಲಾ ಫಿಟ್ಜೆರಾಲ್ಡ್ ಹಾಡಿನ ಮುಂದೆ ಬೇರೆ ಯಾವುದೋ ಹಾಡು ಅಂಟಿಕೊಂಡಿದೆ. ಮೈಲ್ಸ್ ಡೇವಿಸ್ ನುಡಿಸಿದ್ದರಲ್ಲಿ ಹಾಡೇ ಕೈಗೆ ಸಿಗುವುದಿಲ್ಲ. ಇವುಗಳಲ್ಲಿ ಮೂಲ ಯಾವುದು? ನಾನು ಯಾವುದನ್ನು ಕಲಿಯಲಿ? ಇನ್ನೊಂದು ಅನುಮಾನ: ‘ನಿನ್ನ ರೂಪ ನೋಡಿದರೆ ನಗು ಬರುತ್ತದೆ’ ಅನ್ನುವ ಹಾಡನ್ನು ಮದುವೆಯಲ್ಲಿ ಹಾಡಬಹುದಾ?

ಉತ್ತರ: ಧಾರಾಳವಾಗಿ ಹಾಡಿ. ನಿಮ್ಮ ಕೊನೆಯ ಅನುಮಾನದಿಂದಲೇ ಶುರು ಮಾಡುತ್ತೇನೆ. ಈ ಹಾಡನ್ನು ಯಾರು ಯಾಕೆ ಹಾಗೆ ಹಾಡಿದರು ಅನ್ನುವುದಕ್ಕೆ ಉತ್ತರವೂ ಅಲ್ಲೇ ಸಿಗುತ್ತದೆ.

ಹಾಡಿನಲ್ಲಿ ಒಬ್ಬ ಹುಡುಗಿ ತನ್ನ ಹುಡುಗನ ಕೊರತೆಗಳನ್ನು ಒಂದೊಂದಾಗಿ ಹೇಳುತ್ತಾಳೆ. ನೀನು ನೋಡಲು ತಮಾಷೆಯಾಗಿದ್ದೀಯ, ಫೋಟೋ ತೆಗೆದರೆ ಚೆನ್ನಾಗಿ ಬರುವುದಿಲ್ಲ. ಗ್ರೀಕ್ ಶಿಲ್ಪದ ಮೈಕಟ್ಟು ನಿನ್ನದಲ್ಲ, ಬಾಯಿ ತೆರೆದರೆ ಜಾಣ ಅಂತಲೂ ಅನಿಸುವುದಿಲ್ಲ. ಆದರೂ ನನಗೆ ಎಲ್ಲಕ್ಕಿಂತ ಇಷ್ಟವಾದ ಕಲಾಕೃತಿ ನೀನೇ. ಇಷ್ಟು ಹೇಳಿದ ಮೇಲೆ ದನಿ ಬದಲಾಗುತ್ತದೆ. ನನ್ನ ಮೇಲೆ ಪ್ರೀತಿ ಇದ್ದರೆ ಒಂದು ಕೂದಲನ್ನೂ ಬದಲಾಯಿಸಿಕೊಳ್ಳಬೇಡ, ಹೀಗೇ ಇರು, ಇಲ್ಲೇ ಇರು ಅಂತ ಕೇಳಿಕೊಳ್ಳುತ್ತಾಳೆ.

ಪ್ರೇಮಗೀತೆ ಅಂದರೆ ಕಣ್ಣು, ತುಟಿ, ನಡಿಗೆ ಎಲ್ಲವನ್ನೂ ಹೊಗಳುವುದು ರೂಢಿ. ಇಲ್ಲಿ ರೂಪಕ್ಕೆ ಒಂದೇ ಒಂದು ಹೊಗಳಿಕೆ ಇಲ್ಲ. ಎಲ್ಲ ನೋಡಿದ ಮೇಲೂ ‘ಇರು’ ಅನ್ನುವ ಮಾತು ಮಾತ್ರ ಇದೆ. ಆ ಮಾತಿನಲ್ಲಿ ಭಯವೂ ಇದೆ: ಎಲ್ಲಿ ಬದಲಾಗಿಬಿಡುತ್ತಾನೋ, ಎಲ್ಲಿ ಹೊರಟುಬಿಡುತ್ತಾನೋ ಅಂತ. ನಗುವೂ ಭಯವೂ ಒಟ್ಟಿಗೇ ಕೂತಿರುವ ಹಾಡು ಇದು. ನಂತರ ಬಂದವರಲ್ಲಿ ಬಹಳ ಜನ ಭಯವನ್ನು ಇಟ್ಟುಕೊಂಡು ನಗುವನ್ನು ಬಿಟ್ಟುಬಿಟ್ಟರು. ನಿಮಗೆ ಅಳುವ ಹಾಗೆ ಕೇಳಿಸಿದ್ದು ಅದಕ್ಕೇ.

ಈಗ ಮೂಲದ ವಿಷಯ. ಇದು ಜಾಝ್ ಹಾಡಾಗಿ ಹುಟ್ಟಿದ್ದಲ್ಲ, ನಾಟಕದ ಹಾಡು. 1937ರ ಏಪ್ರಿಲ್‌ನಲ್ಲಿ ನ್ಯೂಯಾರ್ಕಿನ ಬ್ರಾಡ್‌ವೇಯಲ್ಲಿ ‘ಬೇಬ್ಸ್ ಇನ್ ಆರ್ಮ್ಸ್’ ಅನ್ನುವ ಸಂಗೀತ ನಾಟಕ ಶುರುವಾಯಿತು. ಸಂಗೀತ ರಿಚರ್ಡ್ ರಾಜರ್ಸ್ ಅವರದು, ಸಾಹಿತ್ಯ ಲೊರೆನ್ಜ್ ಹಾರ್ಟ್ ಅವರದು. ಅಮೆರಿಕ ಆರ್ಥಿಕ ಕುಸಿತದಿಂದ ಇನ್ನೂ ಚೇತರಿಸಿಕೊಳ್ಳುತ್ತಿದ್ದ ಕಾಲ ಅದು. ನಾಟಕದಲ್ಲಿ ಊರೂರು ತಿರುಗುವ ಕಲಾವಿದರ ಮಕ್ಕಳು ಹಿಂದೆ ಉಳಿದಿದ್ದಾರೆ. ತಮ್ಮನ್ನು ದುಡಿಮೆಯ ಫಾರ್ಮಿಗೆ ಕಳಿಸದಿರಲಿ ಅಂತ ತಾವೇ ಸೇರಿ ಒಂದು ಪ್ರದರ್ಶನ ಕೊಡಲು ಹೊರಡುತ್ತಾರೆ. ಅದರ ನಾಯಕನ ಹೆಸರೇ ವ್ಯಾಲೆಂಟೈನ್, ಎಲ್ಲರೂ ಕರೆಯುವುದು ವ್ಯಾಲ್ ಅಂತ. ಆ ಪಾತ್ರ ರೇ ಹೆದರ್ಟನ್ ಅವರದು. ಈ ಹಾಡನ್ನು ಮೊದಲು ಹಾಡಿದ್ದು ಮಿಟ್ಜಿ ಗ್ರೀನ್. ಬಾಲನಟಿಯಾಗಿ ಹೆಸರು ಮಾಡಿದ್ದ ಅವರಿಗೆ ಆಗ 16 ವರ್ಷ. ಹದಿಹರೆಯದ ಹುಡುಗಿ ತನ್ನ ಹುಡುಗನನ್ನು ರೇಗಿಸುತ್ತಾ ರೇಗಿಸುತ್ತಾ ಮನಸ್ಸು ಬಿಚ್ಚಿಡುವ ಹಾಡು. ಇದನ್ನು ನೆನಪಿಟ್ಟುಕೊಂಡರೆ ಅರ್ಧ ಕೆಲಸ ಮುಗಿದ ಹಾಗೆ.

ಆ ದನಿ ನಮಗೆ ಕೇಳಲು ಸಿಗುವುದಿಲ್ಲ. ನಾಟಕದ ಮೂಲ ತಂಡವೇ ಎಲ್ಲ ಹಾಡುಗಳನ್ನು ರೆಕಾರ್ಡ್ ಮಾಡುವ ರೂಢಿ ಬ್ರಾಡ್‌ವೇಯಲ್ಲಿ ಬಲವಾಗಿದ್ದು 1943ರ ‘ಓಕ್ಲಹೋಮಾ!’ ನಂತರ. ಹಾಗಾಗಿ ‘ಮೂಲ ರೆಕಾರ್ಡಿಂಗ್’ ಅಂತ ಹುಡುಕಿದರೆ ಏನೂ ಸಿಗದು. ಮೂಲ ಅಂದರೆ ಅಚ್ಚಾದ ಸ್ವರಲಿಪಿ ಮತ್ತು ಸಾಹಿತ್ಯ, ಅಷ್ಟೇ. ಸಿನಿಮಾ ಹಾಡಿಗೆ ಒಂದು ದನಿ ಅಂಟಿಕೊಂಡಿರುತ್ತದಲ್ಲ, ಬೇರೆಯವರು ಹಾಡಿದರೆ ಅದರ ಜೊತೆ ಹೋಲಿಸುತ್ತೇವೆ. ಈ ಹಾಡಿಗೆ ಆ ತೊಂದರೆಯೇ ಇರಲಿಲ್ಲ. 1939ರಲ್ಲಿ ಅದೇ ನಾಟಕವನ್ನು ಎಂಜಿಎಂ ಸಿನಿಮಾ ಮಾಡಿದಾಗ ಈ ಹಾಡನ್ನೇ ಕೈಬಿಟ್ಟರು. 1945ರಲ್ಲಿ ಹ್ಯಾಲ್ ಮ್ಯಾಕಿಂಟೈರ್ ಆರ್ಕೆಸ್ಟ್ರಾದ ರೆಕಾರ್ಡ್ ಸ್ವಲ್ಪ ದಿನ ಓಡಿತು. ಅದು ಬಿಟ್ಟರೆ ಸುಮಾರು 15 ವರ್ಷ ಹಾಡು ಸುಮ್ನೆ ಇತ್ತು ಅಂತಲೇ ಹೇಳಬೇಕು.

ಲೊರೆನ್ಜ್ ಹಾರ್ಟ್ ಬಗ್ಗೆ ಎರಡು ಮಾತು. ಐದು ಅಡಿಗಿಂತಲೂ ಕುಳ್ಳಗಿದ್ದ ಮನುಷ್ಯ. ತಾನು ಕುರೂಪಿ, ತನ್ನನ್ನು ಯಾರೂ ಪ್ರೀತಿಸಲಾರರು ಅನ್ನುವ ಕೊರಗು ಅವರನ್ನು ಕೊನೆವರೆಗೂ ಬಿಡಲಿಲ್ಲ. ಕುಡಿತ ಜಾಸ್ತಿಯಾಗಿ 1943ರ ನವೆಂಬರ್‌ನಲ್ಲಿ, 48ನೇ ವಯಸ್ಸಿಗೆ ತೀರಿಕೊಂಡರು. ಹಾಗಾಗಿ ಈ ಹಾಡು ಅವರ ಸ್ವಂತ ಬಯಕೆ, ಇದ್ದ ಹಾಗೇ ನನ್ನನ್ನು ಯಾರಾದರೂ ಒಪ್ಪಲಿ ಅನ್ನುವ ಆಸೆ, ಎಂದು ಓದುವವರಿದ್ದಾರೆ. ನನಗೂ ಆ ಓದು ಸರಿ ಅನಿಸುತ್ತದೆ. ಆದರೆ ಹಾರ್ಟ್ ಬರೆದದ್ದು ನಾಟಕದ ಸನ್ನಿವೇಶಕ್ಕೆ, ನಗಿಸುವ ಸಾಲುಗಳನ್ನು ಹುಡುಕಿ ಹುಡುಕಿ. ಅವರ ಪ್ರಾಸಗಳು ಎಷ್ಟು ಚುರುಕಾಗಿವೆ ನೋಡಿ. ನೋವು ಇದ್ದರೆ ಅದು ಆ ಚುರುಕುತನದ ಅಡಿಯಲ್ಲಿದೆ.

ನೀವು ಹಿಂದೂಸ್ತಾನಿ ಕಲಿತವರಾದ್ದರಿಂದ ರಾಗದ ಕಡೆಯಿಂದ ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ. ಹಾಡಿನ ಮೊದಲ ಸಾಲು ಮೂರೇ ಸ್ವರ: ಸ ರಿ ಗ ರಿ ಗ ರಿ. ಗಾಂಧಾರ ಕೋಮಲ, ಅಂದರೆ ಅರ್ಧ ಸ್ವರ ತಗ್ಗಿದ್ದು. ಎರಡನೇ ಸಾಲು ಹಾಗೇ ಶುರುವಾಗಿ ಕೊನೆಯಲ್ಲಿ ಒಮ್ಮೆಗೇ ಮೇಲಿನ ಕೋಮಲ ನಿಷಾದಕ್ಕೆ ಜಿಗಿಯುತ್ತದೆ. ಮುಂದಿನ ಭಾಗ ಅದೇ ಆಕಾರವನ್ನು ಗಾಂಧಾರದಿಂದ ಎತ್ತಿಕೊಳ್ಳುತ್ತದೆ: ಗ ಮ ಪ ಮ ಪ ಮ. ಅಂದರೆ ರಾಜರ್ಸ್ ಒಂದು ಪುಟ್ಟ ಸ್ವರಗುಚ್ಛವನ್ನೇ ಮತ್ತೆ ಮತ್ತೆ ಬಳಸಿ, ಪ್ರತಿ ಸಲ ಒಂದು ಮೆಟ್ಟಿಲು ಮೇಲೆ ಇಡುತ್ತಾ ಹೋಗುತ್ತಾರೆ. ಕೊನೆಗೆ ‘ಇರು’ ಅನ್ನುವ ಮಾತಿಗೆ ಹಾಡಿನ ಅತಿ ಎತ್ತರದ ಸ್ವರ ಬರುತ್ತದೆ, ತಾರಸಪ್ತಕದ ಕೋಮಲ ಗಾಂಧಾರ.

ಮೇಲೆ ಹಾಡು ಹೀಗೆ ಹತ್ತುತ್ತಿದ್ದರೆ ಕೆಳಗೆ ಇನ್ನೊಂದು ಎಳೆ ಇಳಿಯುತ್ತಿರುತ್ತದೆ. ಮೊದಲ ಸಾಲುಗಳ ಅಡಿಯಲ್ಲಿ ಸ, ಶುದ್ಧ ನಿ, ಕೋಮಲ ನಿ, ಶುದ್ಧ ಧ, ಕೋಮಲ ಧ ಅಂತ ಅರ್ಧರ್ಧ ಸ್ವರ ಜಾರುವ ಸಾಲು ಅದು. ಗಾಯಕಿ ಅದನ್ನು ಹಾಡುವುದಿಲ್ಲ, ಬೇಸ್ (ತಗ್ಗು ಸ್ವರದ ತಂತಿವಾದ್ಯ) ಅಥವಾ ಗಿಟಾರ್ ನುಡಿಸುತ್ತದೆ. ಹುಡುಗಿಯ ಬಾಯಲ್ಲಿ ತಮಾಷೆ, ಕಾಲ ಕೆಳಗಿನ ನೆಲ ಮಾತ್ರ ನಿಧಾನವಾಗಿ ಕುಸಿಯುತ್ತಿದೆ. ಸಾಹಿತ್ಯ ಬಾಯಿ ಬಿಟ್ಟು ಹೇಳದ ಭಯವನ್ನು ಈ ಇಳಿಯುವ ಸಾಲು ಮೊದಲೇ ಹೇಳಿಬಿಡುತ್ತದೆ.

ಇನ್ನೊಂದು ಕೌಶಲ ಮುಕ್ತಾಯದಲ್ಲಿದೆ. ಆ ಕಾಲದ ಹಾಡುಗಳು ಸಾಮಾನ್ಯವಾಗಿ 32 ಬಾರ್ (ಬಾರ್ ಅಂದರೆ ತಾಳದ ಒಂದು ಸುತ್ತು). ಇದು 36. ಎಂಟೆಂಟರ ಮೂರು ಭಾಗ, ಕೊನೆಯದು 12. ಆ ಹೆಚ್ಚಿನ ನಾಲ್ಕು ಬಾರ್‌ಗಳಲ್ಲಿ, ನನಗೆ ಪ್ರತಿದಿನವೂ ಪ್ರೇಮಿಗಳ ದಿನವೇ ಅನ್ನುವ ಸಾಲು ಬಂದು, ಹಾಡು ಕೋಮಲ ಗಾಂಧಾರವನ್ನೇ ಹೊಸ ಷಡ್ಜ ಮಾಡಿಕೊಂಡು ನಿಲ್ಲುತ್ತದೆ. ನಿಮ್ಮ ಮೂರ್ಛನೆಯ ಲೆಕ್ಕದಲ್ಲಿ ಆಸಾವರಿ ಥಾಟಿನಿಂದ ಬಿಲಾವಲ್‌ಗೆ ಬಂದ ಹಾಗೆ. ದುಗುಡದಲ್ಲಿ ಶುರುವಾದದ್ದು ಬೆಳಕಿನಲ್ಲಿ ಮುಗಿಯುತ್ತದೆ. ಮದುವೆಗೆ ಸರಿಹೊಂದುವ ಹಾಡು ಅಂತ ನಾನು ಹೇಳುವುದಕ್ಕೆ ಇದೂ ಕಾರಣ.

ಎಲಾ ಹಾಡಿದ್ದರ ಮುಂದೆ ಇರುವುದು ಬೇರೆ ಹಾಡಲ್ಲ. ಅದು ಇದೇ ಹಾಡಿನ ಪೀಠಿಕೆ, ಅದನ್ನು ‘ವರ್ಸ್’ ಅನ್ನುತ್ತಾರೆ. ಬ್ರಾಡ್‌ವೇ ಹಾಡುಗಳಲ್ಲಿ ಮಾತಿನಿಂದ ಹಾಡಿಗೆ ಜಾರಲು ಇಂಥದೊಂದು ಮೆಟ್ಟಿಲು ಇರುತ್ತಿತ್ತು. ಇಲ್ಲಿನ ವರ್ಸ್‌ನಲ್ಲಿ ಹಾರ್ಟ್ ಹಳೇ ಕಾಲದ, ಆಸ್ಥಾನದ ಇಂಗ್ಲಿಷನ್ನು ಬೇಕೆಂದೇ ತಂದಿದ್ದಾರೆ. ಮಹಾವೀರನನ್ನು ಸಂಬೋಧಿಸುವ ಭಾಷೆಯಲ್ಲಿ ಕೆದರಿದ ಕೂದಲಿನ, ಸ್ವಲ್ಪ ಪೆದ್ದನಾದ, ಒಳ್ಳೇ ಮನಸ್ಸಿನ ಹುಡುಗನ ವರ್ಣನೆ. ಕೇಳಿದವರಿಗೆ ಹುಡುಗಿ ರೇಗಿಸುತ್ತಿದ್ದಾಳೆ ಅಂತ ತಕ್ಷಣ ಗೊತ್ತಾಗುತ್ತದೆ. ಆ ಸಾಲುಗಳು ಗಂಡಸನ್ನೇ ಕುರಿತು ಇವೆ. ಗಂಡಸರು ಹಾಡುವಾಗ ವರ್ಸ್ ಬಿಟ್ಟುಹೋಗುವುದಕ್ಕೆ ಅದೂ ಒಂದು ಕಾರಣ ಇರಬಹುದು. ವರ್ಸ್ ಹೋದಾಗ ನಗುವೂ ಅದರ ಜೊತೆ ಹೋಯಿತು.

ಇಷ್ಟೊಂದು ಜನ ಇದನ್ನು ಹಾಡಲು ಸಾಧ್ಯವಾದದ್ದು ಹೇಗೆ ಅನ್ನುವುದಕ್ಕೆ ಕಾನೂನಿನ ಕಾರಣವೂ ಇದೆ. ಅಮೆರಿಕದ 1909ರ ಕಾಪಿರೈಟ್ ಕಾಯ್ದೆಯ ಪ್ರಕಾರ, ಒಂದು ಹಾಡು ಒಮ್ಮೆ ಒಪ್ಪಿಗೆಯಿಂದ ರೆಕಾರ್ಡ್ ಆಯಿತು ಅಂದರೆ, ಆಮೇಲೆ ಯಾರು ಬೇಕಾದರೂ ನಿಗದಿಯಾದ ರಾಯಲ್ಟಿ ಕೊಟ್ಟು ರೆಕಾರ್ಡ್ ಮಾಡಬಹುದಿತ್ತು. ಆಗಿನ ದರ ಪ್ರತಿಗೆ ಎರಡು ಸೆಂಟ್. ಹೀಗೆ ಎಲ್ಲರ ಬಳಕೆಗೆ ಬಂದ ಹಾಡುಗಳನ್ನು ಜಾಝ್‌ನವರು ‘ಸ್ಟ್ಯಾಂಡರ್ಡ್’ ಅನ್ನುತ್ತಾರೆ. ಅವರ ನಡುವೆ ‘ಕವರ್’ ಅನ್ನುವ ಮಾತು ಅಷ್ಟಾಗಿ ಕೇಳುವುದಿಲ್ಲ. ಸ್ಟ್ಯಾಂಡರ್ಡ್ ಅಂದರೆ ಎಲ್ಲರಿಗೂ ಗೊತ್ತಿರುವ ಬಂದಿಶ್ ಇದ್ದ ಹಾಗೆ. ಬಂದಿಶ್, ಅಂದರೆ ಕಟ್ಟಿಟ್ಟ ಹಾಡು, ಅದೇ; ಅದನ್ನು ಬೆಳೆಸುವ ಬಢತ್ ಮಾತ್ರ ಹಾಡುವವರದು. ನಿಮಗೆ ಇದನ್ನು ಜಾಸ್ತಿ ಬಿಡಿಸಿ ಹೇಳಬೇಕಿಲ್ಲ.

ಹಾಡಿನ ಎರಡನೇ ಜನ್ಮ 1952ರಲ್ಲಿ, ಕ್ಯಾಲಿಫೋರ್ನಿಯಾದಲ್ಲಿ. ಗೆರಿ ಮುಲಿಗನ್ ಅವರ ನಾಲ್ವರ ತಂಡದಲ್ಲಿ ಪಿಯಾನೋ ಇರಲಿಲ್ಲ. ಮುಲಿಗನ್ ಬ್ಯಾರಿಟೋನ್ ಸ್ಯಾಕ್ಸೊಫೋನ್, 22 ವರ್ಷದ ಚೆಟ್ ಬೇಕರ್ ಟ್ರಂಪೆಟ್, ಕಾರ್ಸನ್ ಸ್ಮಿತ್ ಬೇಸ್, ಚಿಕೋ ಹ್ಯಾಮಿಲ್ಟನ್ ಡ್ರಮ್ಸ್. ಪಿಯಾನೋ ಇಲ್ಲದ್ದರಿಂದ ನಾನು ಮೇಲೆ ಹೇಳಿದ ಇಳಿಯುವ ಸಾಲು ಬೇಸ್‌ನಲ್ಲಿ ಬಿಡಿಬಿಡಿಯಾಗಿ ಕೇಳಿಸುತ್ತದೆ. ಅದರ ಮೇಲೆ ಬೇಕರ್ ಟ್ರಂಪೆಟ್ ಒಂದೊಂದೇ ಸ್ವರವನ್ನು ಇಟ್ಟು ಮುಂದೆ ಹೋಗುತ್ತದೆ, ಅಲಂಕಾರ ಇಲ್ಲ, ಅವಸರ ಇಲ್ಲ. ಸಾಹಿತ್ಯ ಇಲ್ಲದೆ ಕೇಳಿದಾಗ ಹಾಡಿನ ದುಗುಡ ಎಲ್ಲರ ಕಣ್ಣಿಗೂ ಬಿತ್ತು. ಇವತ್ತು ನಾವು ಇದನ್ನು ಜಾಝ್ ಹಾಡು ಅನ್ನುವುದು ಬಹುಮಟ್ಟಿಗೆ ಈ ರೆಕಾರ್ಡಿಂಗ್‌ನಿಂದ. ನೀವು ಮೊದಲು ಕೇಳಬೇಕಾದ್ದು ಇದನ್ನೇ.

1954ರಲ್ಲಿ ಬೇಕರ್ ಅದನ್ನು ಹಾಡಿದರು, ‘ಚೆಟ್ ಬೇಕರ್ ಸಿಂಗ್ಸ್’ ಆಲ್ಬಂನಲ್ಲಿ. ಎರಡು ಚಿಲ್ಲರೆ ನಿಮಿಷದ ಹಾಡು. ದನಿ ತೆಳು, ಸ್ವರ ಅಲುಗುವುದಿಲ್ಲ, ಉಸಿರಿನ ಪಕ್ಕದಲ್ಲೇ ಪದ. ಆಗ ಕೆಲವರಿಗೆ ಇದು ಹಾಡುಗಾರಿಕೆಯೇ ಅಲ್ಲ ಅನಿಸಿತ್ತು. ಕೇಳುಗರಿಗೆ ಹಿಡಿಸಿತು. ಗಮನಿಸಿ: ಅವರು ಅಳುತ್ತಿಲ್ಲ. ಭಾವ ಹಾಕುವುದನ್ನೇ ಬಿಟ್ಟಿದ್ದಾರೆ. ತಮಾಷೆಯ ಸಾಲನ್ನೂ ದುಃಖದ ಸಾಲನ್ನೂ ಒಂದೇ ದನಿಯಲ್ಲಿ ಹೇಳುತ್ತಾರೆ, ಉಳಿದದ್ದನ್ನು ನಾವೇ ತುಂಬಿಕೊಳ್ಳುತ್ತೇವೆ. ಇದನ್ನು ಅನುಕರಿಸಲು ಹೋದವರು ಬಹಳ ಜನ, ಹೆಚ್ಚಿನವರಿಗೆ ಅಳು ಮಾತ್ರ ಸಿಕ್ಕಿತು.

ಬೇಕರ್ ಬದುಕೇ ಈ ಹಾಡಿನ ಜೊತೆ ಹೆಣೆದುಕೊಂಡಿತು. ಹೆರಾಯಿನ್ ಚಟ, ಇಟಲಿಯಲ್ಲಿ ಜೈಲು. 1966ರಲ್ಲಿ ಬಿದ್ದ ಪೆಟ್ಟಿನಿಂದ ಹಲ್ಲುಗಳು ಹಾಳಾಗಿ, ಟ್ರಂಪೆಟ್ ಊದುವುದನ್ನೇ ಹೊಸದಾಗಿ ಕಲಿಯಬೇಕಾಯಿತು. 1988ರ ಏಪ್ರಿಲ್ 28ರಂದು ಜರ್ಮನಿಯ ಹ್ಯಾನೋವರ್‌ನಲ್ಲಿ ದೊಡ್ಡ ಆರ್ಕೆಸ್ಟ್ರಾ ಜೊತೆ ಇದೇ ಹಾಡನ್ನು ಹಾಡಿದರು. ಎರಡು ವಾರದ ನಂತರ, ಮೇ 13ರಂದು, ಆಮ್ಸ್ಟರ್ಡ್ಯಾಮ್‌ನ ಹೋಟೆಲ್ ಕಿಟಕಿಯಿಂದ ಬಿದ್ದು ತೀರಿಕೊಂಡರು. 1954ರದ್ದನ್ನೂ 1988ರದ್ದನ್ನೂ ಒಂದರ ಹಿಂದೆ ಒಂದು ಕೇಳಿ. ದನಿ ಸವೆದಿದೆ, ಸ್ವರ ಇಡುವ ಜಾಗ ಮಾತ್ರ ಹಾಗೇ ಇದೆ.

ಫ್ರಾಂಕ್ ಸಿನಾಟ್ರಾ 1953ರ ನವೆಂಬರ್‌ನಲ್ಲಿ ಹಾಡಿದ್ದು ‘ಸಾಂಗ್ಸ್ ಫಾರ್ ಯಂಗ್ ಲವರ್ಸ್’ ಆಲ್ಬಂನಲ್ಲಿದೆ. ವರ್ಸ್ ಇಲ್ಲ. ಸಾಹಿತ್ಯ ಸ್ಪಷ್ಟವಾಗಿ ಕೇಳಬೇಕಾದರೆ ಅವರದು ಒಳ್ಳೆಯದು, ಒಂದು ವಾಕ್ಯವನ್ನು ಉಸಿರು ಮುರಿಯದೆ ಹೇಗೆ ದಾಟಿಸುತ್ತಾರೆ ನೋಡಿ. 1956ರಲ್ಲಿ ಎಲಾ ಫಿಟ್ಜೆರಾಲ್ಡ್, ನಿರ್ಮಾಪಕ ನಾರ್ಮನ್ ಗ್ರಾಂಜ್ ಅವರ ವರ್ವ್ ಕಂಪನಿಗೆ, ರಾಜರ್ಸ್ ಮತ್ತು ಹಾರ್ಟ್ ಹಾಡುಗಳದ್ದೇ ಒಂದು ಸಂಗ್ರಹ ಮಾಡಿದರು. ಅಲ್ಲಿ ವರ್ಸ್ ಪೂರ್ತಿ ಇದೆ. ಎಲಾ ಇಲ್ಲಿ ತನ್ನ ಕೈಚಳಕ ಏನನ್ನೂ ತೋರಿಸುವುದಿಲ್ಲ, ಬರೆದದ್ದನ್ನು ಬರೆದ ಹಾಗೆ ಹಾಡುತ್ತಾರೆ. ನೀವು ಕಲಿಯಬೇಕಾದದ್ದು ಇದನ್ನು. ಬಂದಿಶ್ ಶುದ್ಧವಾಗಿ ಸಿಗುವುದು ಇಲ್ಲೇ.

ಮೈಲ್ಸ್ ಡೇವಿಸ್ ಇದನ್ನು ಬೇರೆ ಬೇರೆ ಕಾಲದಲ್ಲಿ ರೆಕಾರ್ಡ್ ಮಾಡಿದ್ದಾರೆ. ಅದರಲ್ಲಿ ಎರಡು ಮುಖ್ಯ. 1956ರ ಅಕ್ಟೋಬರ್ 26ರದ್ದು ‘ಕುಕಿನ್’ ಆಲ್ಬಂನಲ್ಲಿದೆ. ಟ್ರಂಪೆಟ್ ಬಾಯಿಗೆ ದನಿ ತಗ್ಗಿಸುವ ಹಾರ್ಮನ್ ಮ್ಯೂಟ್ ಅನ್ನುವ ಬಿರಡೆ ಇಟ್ಟು, ಮೈಕಿಗೆ ತೀರಾ ಹತ್ತಿರ ನುಡಿಸಿದ್ದಾರೆ. ತಂಡದಲ್ಲಿದ್ದ ಜಾನ್ ಕೋಲ್ಟ್ರೇನ್ ಈ ಹಾಡಿಗೆ ನುಡಿಸದೆ ಸುಮ್ಮನಿದ್ದಾರೆ. ಇಲ್ಲಿ ರಾಗ ಗುರುತು ಸಿಗುತ್ತದೆ.

ನಿಮಗೆ ಹಾಡೇ ಸಿಗದೆ ಹೋದದ್ದು ಇನ್ನೊಂದರಲ್ಲಿ ಇರಬೇಕು. 1964ರ ಫೆಬ್ರವರಿ 12, ನ್ಯೂಯಾರ್ಕಿನ ಲಿಂಕನ್ ಸೆಂಟರ್‌ನ ಫಿಲ್‌ಹಾರ್ಮೋನಿಕ್ ಹಾಲ್. ಮಿಸಿಸಿಪಿ ಮತ್ತು ಲೂಸಿಯಾನಾದಲ್ಲಿ ಕಪ್ಪು ಜನರ ಹೆಸರನ್ನು ಮತದಾರರ ಪಟ್ಟಿಗೆ ಸೇರಿಸುವ ಕೆಲಸಕ್ಕೆ ಹಣ ಎತ್ತಲು ನಡೆದ ಕಛೇರಿ ಅದು. ಅವತ್ತು ಸಂಭಾವನೆ ಇಲ್ಲ ಅಂತ ಮೈಲ್ಸ್ ತೀರ್ಮಾನಿಸಿದ್ದು ತಂಡದ ಕೆಲವರಿಗೆ ಸಿಟ್ಟು ತರಿಸಿತ್ತು, ಆ ಬಿಸಿ ನುಡಿಸಾಣಿಕೆಯಲ್ಲಿ ಬಂತು ಅಂತ ಅವರೇ ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾರೆ. ಪಿಯಾನೋದಲ್ಲಿ ಹರ್ಬಿ ಹ್ಯಾನ್‌ಕಾಕ್, ಬೇಸ್‌ನಲ್ಲಿ ರಾನ್ ಕಾರ್ಟರ್, ಸ್ಯಾಕ್ಸೊಫೋನ್‌ನಲ್ಲಿ ಜಾರ್ಜ್ ಕೋಲ್ಮನ್, ಡ್ರಮ್ಸ್‌ನಲ್ಲಿ 18 ವರ್ಷದ ಟೋನಿ ವಿಲಿಯಮ್ಸ್.

ಅಲ್ಲಿ ಮೈಲ್ಸ್ ಮ್ಯೂಟ್ ತೆಗೆದಿದ್ದಾರೆ. ಪಿಯಾನೋ ದಾರಿ ಮಾಡಿಕೊಟ್ಟ ಮೇಲೆ ಮೊದಲ ಸಾಲಿನ ಒಂದು ತುಣುಕು ನುಡಿಸುತ್ತಾರೆ, ನಿಲ್ಲಿಸುತ್ತಾರೆ. ಲಯ ಇನ್ನೂ ಹಿಡಿದಿಲ್ಲ. ಆಮೇಲೆ ಹಾಡಿನ ನೆನಪು ಅಲ್ಲೊಂದು ಇಲ್ಲೊಂದು ಬರುತ್ತದೆ. ಲಯ ಬರುತ್ತದೆ, ದುಪ್ಪಟ್ಟಾಗುತ್ತದೆ, ಮತ್ತೆ ಕರಗುತ್ತದೆ. ಆದರೆ ಹಾಡಿನ ಅಸ್ಥಿಪಂಜರ ಎಲ್ಲಿಯೂ ಮುರಿಯುವುದಿಲ್ಲ. ಒಂದು ಕೆಲಸ ಮಾಡಿ: ಎಲಾ ಹಾಡಿದ್ದು ಬಾಯಿಪಾಠ ಆದ ಮೇಲೆ ಇದನ್ನು ಹಾಕಿಕೊಂಡು, ಮನಸ್ಸಿನಲ್ಲೇ ಸಾಹಿತ್ಯ ಹೇಳಿಕೊಳ್ಳುತ್ತಾ ಕೇಳಿ. ‘ಇರು’ ಬರಬೇಕಾದ ಜಾಗದಲ್ಲಿ ಟ್ರಂಪೆಟ್ ಏನು ಮಾಡುತ್ತದೆ ಅಂತ ನೋಡಿ. ನನ್ನ ಪಾಲಿಗೆ ಈ ಹಾಡು ಮುಟ್ಟಿದ ಅತಿ ಎತ್ತರದ ಜಾಗ ಇದು. ಮೊದಲ ಸಲವೇ ಹಿಡಿಸಬೇಕಾಗಿಲ್ಲ. ಹಾಡು ಗೊತ್ತಿದ್ದವರಿಗಾಗಿ ನುಡಿಸಿದ್ದು ಅದು.

ಇದಕ್ಕೆ ಪೂರ್ತಿ ಎದುರಾದದ್ದು 1962ರಲ್ಲಿ ಪಿಯಾನೋದ ಬಿಲ್ ಎವನ್ಸ್ ಮತ್ತು ಗಿಟಾರ್‌ನ ಜಿಮ್ ಹಾಲ್ ಇಬ್ಬರೇ ನುಡಿಸಿದ ‘ಅಂಡರ್‌ಕರೆಂಟ್’ ಆಲ್ಬಂನದು. ಎಲ್ಲರೂ ವಿಲಂಬಿತದಲ್ಲಿ ನುಡಿಸುವ ಹಾಡನ್ನು ಇವರು ದ್ರುತಕ್ಕೆ ಒಯ್ದರು. ಬೇಸ್ ಇಲ್ಲ, ಡ್ರಮ್ಸ್ ಇಲ್ಲ. ಜಿಮ್ ಹಾಲ್ ಗಿಟಾರನ್ನು ಬಡಿಯುತ್ತಾ ಎರಡೂ ಕೆಲಸ ಮಾಡುತ್ತಾರೆ. ಒಬ್ಬರು ಮಾತಾಡಿದರೆ ಇನ್ನೊಬ್ಬರು ಅಷ್ಟೇ ಬೇಗ ಉತ್ತರ ಕೊಡುತ್ತಾರೆ. ಪದಗಳಿಲ್ಲದೆಯೂ ಆ ರೇಗಿಸುವ ಗುಣ, ಆ ಚುರುಕು ಇಲ್ಲಿ ವಾಪಸ್ ಬಂದಿದೆ ಅಂತ ನನಗೆ ಅನಿಸುತ್ತದೆ. ದಯವಿಟ್ಟು ತಪ್ಪಿಸಬೇಡಿ.

ನಂತರದವರ ಬಗ್ಗೆ ಬೇಗ ಹೇಳಿಬಿಡುತ್ತೇನೆ. ಸಾರಾ ವಾನ್ 1973ರಲ್ಲಿ ಟೋಕಿಯೋದ ಕಛೇರಿಯಲ್ಲಿ ಹಾಡಿದ್ದು ಕಂಠದ ಮಟ್ಟಿಗೆ ಎಲ್ಲರಿಗಿಂತ ಮೇಲೆ. 1979ರಲ್ಲಿ ಎಲ್ವಿಸ್ ಕಾಸ್ಟೆಲೊ, 1985ರಲ್ಲಿ ನಿಕೋ ಹಾಡಿದರು. ರಾಕ್ ಕಡೆಯಿಂದ ಬಂದವರು ಈ ಹಾಡಿಗೆ ಬರುವುದು ಬೇಕರ್ ದಾರಿಯಿಂದಲೇ. 1989ರ ‘ದ ಫ್ಯಾಬ್ಯುಲಸ್ ಬೇಕರ್ ಬಾಯ್ಸ್’ ಸಿನಿಮಾದಲ್ಲಿ ನಟಿ ಮಿಶೆಲ್ ಫೈಫರ್ ತಮ್ಮ ದನಿಯಲ್ಲೇ ಹಾಡಿದ್ದಾರೆ. ದೊಡ್ಡ ಕಂಠ ಅಲ್ಲ, ಆದರೆ ಪದಗಳನ್ನು ನಟಿಯಂತೆ ಹೇಳುತ್ತಾರೆ, ಹೊಸಬರಿಗೆ ಕಲಿಯಲು ಇದೆ. 1995ರ ಚಾಕಾ ಖಾನ್ ಹಾಡಿದ್ದು ಚೆಂದ, ಆದರೆ ಅದು ಸೋಲ್ ಸಂಗೀತದ ಬೇರೆಯೇ ಲೋಕ. ನಿಮ್ಮ ಕೆಲಸಕ್ಕೆ ಅಲ್ಲ.

ಈಗ ನಿಮ್ಮ ಹಾಡಿಗೆ ಬರೋಣ. ವರ್ಸ್ ಖಂಡಿತ ಹಾಡಿ. ಅಕ್ಕನ ಪರವಾಗಿ ಭಾವನನ್ನು ರೇಗಿಸುತ್ತಿದ್ದೀರಿ ಅಂತ ಸಭೆಗೆ ಗೊತ್ತಾಗುವುದು ಅದರಿಂದಲೇ. ಒಂದು ಗಿಟಾರ್ ಇದ್ದರೆ ಸಾಕು, ವರ್ಸ್‌ಗೆ ತಾಳ ಬೇಡ, ಮಾತಾಡಿದ ಹಾಗೆ ಹಾಡಿ. ಗಿಟಾರ್ ನುಡಿಸುವವರಿಗೆ ಆ ಇಳಿಯುವ ಸಾಲನ್ನು ಸ್ಪಷ್ಟವಾಗಿ ನುಡಿಸಲು ಹೇಳಿ. ಅದನ್ನು ಬಿಟ್ಟು ಬರೀ ಮೈನರ್ ಕಾರ್ಡ್ ಹೊಡೆದರೆ ಹಾಡಿನ ಜೀವ ಹೋಗುತ್ತದೆ. ಸ್ವರಲಿಪಿ ಸಾಮಾನ್ಯವಾಗಿ ಸಿ ಮೈನರ್‌ನಲ್ಲಿ ಸಿಗುತ್ತದೆ, ನಿಮಗೆ ಅದು ಎತ್ತರ ಆಗಬಹುದು. ಶ್ರುತಿಯನ್ನು ‘ಇರು’ ಅನ್ನುವ ಸ್ವರ ನೋಡಿ ಆರಿಸಿಕೊಳ್ಳಿ, ಅಲ್ಲಿ ಕೂಗುವಂತಾಗಬಾರದು. ಎ ಮೈನರ್‌ನಲ್ಲಿ ಹಾಡಿ ನೋಡಿ.

ಮೀಂಡ್, ಮುರ್ಕಿ ಬೇಡ. ಮೂರು ಸ್ವರದ ಸಾಲಿಗೆ ಗಮಕ ಸೇರಿದರೆ ಆ ಸರಳತೆ ಕೆಡುತ್ತದೆ. ಕೋಮಲ ಗಾಂಧಾರವನ್ನೂ ಆಂದೋಲನ ಇಲ್ಲದೆ ನೇರವಾಗಿ ಇಡಿ, ಅದಕ್ಕೆ ಬೇಕರ್ ಹಾಡಿದ್ದು ಒಳ್ಳೇ ಮಾದರಿ. ಲಯ ತೀರಾ ನಿಧಾನ ಮಾಡಬೇಡಿ. ಮಧ್ಯಭಾಗದ ಪ್ರಶ್ನೆಗಳನ್ನು ಭಾವನ ಮುಖ ನೋಡಿಕೊಂಡು ಕೇಳಿ, ಜನ ನಗಲಿ. ನಕ್ಕ ಮೇಲೆ ‘ಇರು’ ಬಂದಾಗ ತಾವಾಗಿಯೇ ಸುಮ್ಮನಾಗುತ್ತಾರೆ. ಕೊನೆಯ ನಾಲ್ಕು ಬಾರ್‌ಗಳಲ್ಲಿ ಬಹಳ ಗಾಯಕರು ದನಿ ಇಳಿಸಿ ಮುಗಿಸುತ್ತಾರೆ. ನೀವು ಹಾಗೆ ಮಾಡಬೇಡಿ. ಕೊನೆಯ ಸ್ವರ ಮೇಜರ್‌ನಲ್ಲಿದೆ, ಅದನ್ನು ತುಂಬಿದ ದನಿಯಲ್ಲಿ, ಗಿಟಾರ್‌ನ ಕಾರ್ಡ್ ನಿಲ್ಲುವವರೆಗೂ ಹಿಡಿಯಿರಿ.